ಪಾಡಾದಲ್ಲಿ ಧ್ವನಿಮುದ್ರಿಸಿಕೊಂಡ ಮದುವೆ ಹಾಡನ್ನು ಪ್ರಬಂಧಕ್ಕೆ ಸೇರಿಸಬಹುದೇ?

ಗೋರೆಗಾಂವ್ ಗೆಳತಿ:
ಧಾರವಾಡದವಳು, ಮುಂಬೈನ ಆರೆ ಕಾಲೊನಿಯಲ್ಲಿ ವಾರಲಿ ಆದಿವಾಸಿಗಳ ಪಾಡಾ, ಅಂದರೆ ಕೇರಿಯೊಂದಕ್ಕೆ ಪಿಎಚ್‌ಡಿಗಾಗಿ ಎಂಟು ತಿಂಗಳಿಂದ ಹೋಗಿಬರುತ್ತಿದ್ದೇನೆ. ಮೊದಲ ದಿನ ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿದ ಆಜಿ, ತಮ್ಮ ಪ್ರತಿಯನ್ನು ಮಡಚಿ ಸೂರಿನ ಸಂದಿಗೆ ಸಿಕ್ಕಿಸಿದರು. ಆಮೇಲೆ ನನ್ನ ವಿಚಾರಣೆ: ತವರು ಯಾವುದು, ಜೋಳ ಬೆಳೆಯುತ್ತೀರೋ ಭತ್ತವೋ, ಹೊಳೆ ಯಾವುದು? ಶಾಲ್ಮಲೆ ಗುಪ್ತಗಾಮಿನಿ ಎಂದರೆ ನಕ್ಕೇ ನಕ್ಕರು. ಹೊತ್ತು ದಂಡವಾಯಿತೆಂದು ನಾನು ಒಳಗೇ ಚಡಪಡಿಸಿದ್ದೆ.

ಮಾರ್ಚ್‌ನಲ್ಲಿ ಅಲ್ಲೊಂದು ಮದುವೆ. ಮದುವೆಯ ದೇವತೆ ಪಾಲಘಾಟ ದೇವಿಯ ಚೌಕಚಿತ್ರವನ್ನು ಗೋಡೆಗೆ ಬರೆದಾಗ ಮದುವೆಯ ಪುರೋಹಿತೆ ಧವಳೇರಿ ಹಾಡಿದ್ದನ್ನು, ಅನುಮತಿ ಕೇಳಿಯೇ, ಮೊಬೈಲಿನಲ್ಲಿ ಹಿಡಿದೆ. ಈಗ ಮಾರ್ಗದರ್ಶಕರಿಗೆ ಪೂರ್ತಿ ಪಠ್ಯ ಅನುಬಂಧದಲ್ಲಿ ಬೇಕು. ತಿಳಿಯದ ಮಾತುಗಳನ್ನು ಹಾಡಿ ತೋರಿಸಿ ಎಂದರೆ, “ಈಗ ಮದುವೆ ಎಲ್ಲಿದೆ?” ಎಂದರು ಆಜಿ. ಹೆಬ್ಬೆಟ್ಟು ಇದೆಯಲ್ಲ, ಸಾಲದೇ?

ಮಡಗಾಂವ್ ಮಾಸ್ತರ:
ಸಾಲದು, ತಂಗಿ. ಅಮೆರಿಕದ ಅರಿಜೋನಾದ ಹವಸುಪಾಯ್ ಬುಡಕಟ್ಟಿನ ಜನ 1990ರ ಹೊತ್ತಿಗೆ ಮಧುಮೇಹದ ಅಧ್ಯಯನವೆಂದು ನಂಬಿ ರಕ್ತ ಕೊಟ್ಟರು. ಸಹಿಯೂ ಹಾಕಿದ್ದರು. ಅದೇ ರಕ್ತ ಸ್ಕಿಜೋಫ್ರೇನಿಯಾ, ಪೂರ್ವಜರ ವಲಸೆಯ ಸಂಶೋಧನೆಗೂ ಹೋಯಿತು. 2010ರಲ್ಲಿ ಆ ಸಂಶೋಧನೆ ನಡೆಸಿದ್ದ ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯ 41 ಮಂದಿಗೆ 7 ಲಕ್ಷ ಡಾಲರ್ ಕೊಟ್ಟು, ಉಳಿದ ಮಾದರಿಗಳನ್ನೂ ಹಿಂದಿರುಗಿಸಿತು. ಮದುವೆಮನೆಯಲ್ಲಿ ಕೇಳಲು ಕೊಟ್ಟ ಅನುಮತಿ ಗ್ರಂಥಾಲಯಕ್ಕೂ ಸಲ್ಲುತ್ತದೆಂದು ಯಾರು ಹೇಳಿದರು?

ಕೋಥರೂಡ್ ಕಾಕು:
ದಂಡವಾಯಿತೆಂದಿರಲ್ಲ, ಆ ಹೊತ್ತೇ ಅಸಲು ಕೆಲಸ. ನ್ಯೂಜಿಲೆಂಡಿನ ಮೂಲನಿವಾಸಿ ಮಾವೋರಿಗಳು ತಮ್ಮ ಪರಿಚಯವನ್ನು ಬೆಟ್ಟ, ಹೊಳೆ, ಪೂರ್ವಜರಿಂದಲೇ ಶುರು ಮಾಡುತ್ತಾರೆ. ಅವರ ಸಂಶೋಧಕರು ಈ ನಂಟನ್ನೇ ವಿಧಾನವಾಗಿಸಿಕೊಂಡರು. ಹಾಗೆಂದು ಆಜಿಯನ್ನು ಮಾವೋರಿ ಚೌಕಟ್ಟಿಗೆ ತುರುಕಬೇಡಿ. ಮಾವೋರಿಗಳ ಕೈಯಲ್ಲಿ ಬ್ರಿಟಿಷರೊಡನೆ ಮಾಡಿಕೊಂಡ 1840ರ ವೈತಾಂಗಿ ಒಪ್ಪಂದವಿದೆ. ನಮ್ಮ ಸರ್ಕಾರ ಮೂಲನಿವಾಸಿಗಳ ಹಕ್ಕುಗಳ ಕುರಿತ 2007ರ ವಿಶ್ವಸಂಸ್ಥೆಯ ಘೋಷಣೆಯ ಪರ ಮತ ಹಾಕಿತಾದರೂ ಭಾರತೀಯರೆಲ್ಲರೂ ಮೂಲನಿವಾಸಿಗಳೇ ಎನ್ನುತ್ತದೆ. ದಕ್ಷಿಣ ಆಫ್ರಿಕಾದ ಸ್ಯಾನ್ ಜನ 2017ರಲ್ಲಿ ಸಂಶೋಧಕರಿಗೆ ತಾವೇ ನೀತಿಸಂಹಿತೆ ಬರೆದುಕೊಟ್ಟರು. ನಿಮ್ಮ ಪಾಡಾದಲ್ಲಿ ಅಂಥ ಕಾಗದವಿಲ್ಲ, ಆಜಿಯ ಬಾಯಿಮಾತಿದೆ. ಧ್ವನಿಮುದ್ರಿಕೆಯನ್ನು ಅವರಿಗೇ ಕೇಳಿಸಿ.

ಗೋರೆಗಾಂವ್ ಗೆಳತಿ:
ಭಾನುವಾರ ಹೋಗಿ ಕೇಳಿಸಿದೆ. ಅಂಗಳದಲ್ಲಿ ಐದಾರು ಹೆಂಗಸರು ಸೇರಿದರು, ಧವಳೇರಿಯೂ ಬಂದರು. ವರನನ್ನು ಛೇಡಿಸುವ ಭಾಗಕ್ಕೆ ಬಿದ್ದು ಬಿದ್ದು ನಕ್ಕರು, ಅದನ್ನು ಬರೆದುಕೋ ಎಂದರು. ದೇವಿಯನ್ನು ಕರೆಯುವ ಸಾಲುಗಳು ಬಂದಾಗ ಧವಳೇರಿ ಮೊಬೈಲಿನ ಮೇಲೆ ಅಂಗೈ ಮುಚ್ಚಿದರು. ಆ ಭಾಗ ಪ್ರಬಂಧದಲ್ಲಿ ಇರುವುದಿಲ್ಲ. ಮಾರ್ಗದರ್ಶಕರಿಗೆ ಇನ್ನೂ ಹೇಳಿಲ್ಲ, ಮಂಗಳವಾರ ಭೇಟಿಯಿದೆ.