ಪ್ರೆಸ್ ಆರ್ಡರ್ ಆ್ಯಪ್‌ಗೆ ಫೋಲ್ಡರ್ ಹೆಂಗ ಇಡೂದ್ರಿ? ಅನುಭವ ಇದ್ದವ್ರು ಹೇಳ್ರಿ

ಗದಗಿನಾಗ ಒಂದು ಪ್ರಿಂಟಿಂಗ್ ಪ್ರೆಸ್ಸಿಗೆ ಆ್ಯಪ್ ಮಾಡಾಕತ್ತೇನಿ. ಮುಂದ (ಪರದೆ ಕಡೆ) ರಿಯಾಕ್ಟ್, ಹಿಂದ (ಸರ್ವರ್ ಕಡೆ) ಎಕ್ಸ್‌ಪ್ರೆಸ್. ಕೋಡಿನ ನಮೂನಿ ಪ್ರಕಾರ ಕಂಟ್ರೋಲರ್ಸ್, ಮಾಡೆಲ್ಸ್, ರೂಟ್ಸ್ ಅಂತ ಇಡ್ಲೋ, ಆರ್ಡರ್, ಬಿಲ್, ಗಿರಾಕಿ ಅಂತ ಕೆಲಸದ ಪ್ರಕಾರ ಇಡ್ಲೋ? ರೆಪೋ (ಕೋಡ್ ಇಡೂ ಜಾಗ) ಒಂದೋ, ಎರಡೋ?

ಗೋಕುಲ ರಸ್ತೆ, ಹುಬ್ಬಳ್ಳಿ: ಬ್ಯಾಡಗಿಯ ಮೆಣಸಿನಕಾಯಿ ದಲಾಲಿ ಅಂಗಡಿಗೆ ಬಿಲ್ಲಿಂಗ್ ಮಾಡಿಕೊಟ್ಟಿದ್ದೆ. ಕಂಟ್ರೋಲರ್ಸ್, ಮಾಡೆಲ್ಸ್ ಅಂತನ ಇಟ್ಟಿದ್ದೆ. ಸಾಹುಕಾರ್ರು ‘ಚೀಲದ ತೂಕ ಕಳದು ತೋರಸ್ರಿ’ ಅಂದ್ರು. ಇಷ್ಟಕ್ಕ ಐದು ಫೋಲ್ಡರ್ ಹೊಕ್ಕು ಒಂಬತ್ತು ಫೈಲ್ ತಿದ್ದಿದೆ. ಹತ್ತನೇದ್ದು, ಪ್ರಿಂಟಿಂದು, ಉಳದಿತ್ತು. ಪರದೆ ಮ್ಯಾಲೆ 41.2 ಕಿಲೋ, ಕಾಗದದ ಮ್ಯಾಲೆ 42.1. ಖರೀದಿದಾರ ಅಂಗಡ್ಯಾಗ ನಿಂತು ಬೈದ, ನನ್ನ ಬಿಲ್ಲಿನಾಗ 4,000 ಮುರಕೊಂಡ್ರು. ಕೆಲಸದ ಪ್ರಕಾರ ಬದಲಿಸಾಕ ಹನ್ನೊಂದು ರಾತ್ರಿ. ಅದರಾಗ ವಿಂಡೋಸ್‌ನಾಗ ಒಂದು ಫೈಲಿನ ಹೆಸರಿನಾಗ ಸಣ್ಣ ‘ಬಿ’ನ ದೊಡ್ಡ ‘ಬಿ’ ಮಾಡಿದ್ದೆ. ಕೋಡಿನ ಬದಲಾವಣೆ ಲೆಕ್ಕ ಇಡೂ ಗಿಟ್‌ಗೆ ಗೊತ್ತ ಆಗಲಿಲ್ಲ. ಲಿನಕ್ಸ್ ಸರ್ವರ್‌ಗೆ ಅವೆರಡೂ ಬ್ಯಾರೆ, ಬಿಲ್ಡ್ (ಕೋಡ್ ಕೂಡಿಸಿ ಆ್ಯಪ್ ತಯಾರಿಸೂದು) ಕೆಡ್ತು. ನಸುಕಿನ ಮೂರಕ್ಕ ಹೆಸರು ಬದಲಿಸೂ ‘ಗಿಟ್ ಎಂವಿ’ ಕಮಾಂಡ್ ಹೊಡದು ಮಕ್ಕೊಂಡೆ.

ಸಪ್ತಾಪುರ, ಧಾರವಾಡ: ತೂಕದ ಲೆಕ್ಕ ಹತ್ತು ಕಡೆ ಬರದವ್ರು ಫೋಲ್ಡರಿಗೆ ಯಾಕ ಬೈತೀರಿ? ನಮ್ಮ ಕೋಚಿಂಗ್ ಕ್ಲಾಸಿನ ಆ್ಯಪ್ ಹಳೇ ಪದ್ಧತಿಯದ, ಎರಡು ರೆಪೋ, ಮೂರು ವರ್ಷ ಆತು, ಗಟ್ಟಿ ಅದ. ಒಮ್ಮೆ ಮಾತ್ರ ಮೊಬೈಲ್ ನಂಬರ್ ತಪಾಸಣೆ ಮುಂದ ಬದಲಿಸಿ ಹಿಂದ ಮರತೆ. ಅಡ್ಮಿಶನ್ ದಿನ ಫಾರ್ಮ್ ಹೋಗವಲ್ದು. ಅರವತ್ತು ಮಂದಿದು ನಾನ ಕೈಯಿಂದ ತುಂಬೇನಿ.

ಗೋಕುಲ ರಸ್ತೆ: ‘ಒಮ್ಮೆ ಮಾತ್ರ’! ನಂದೂ ಒಮ್ಮೇನ ಆಗಿದ್ರಿ.

ಹಾವೇರಿ: ಇಬ್ಬರೂ ಜಗಳ ಬಿಡ್ರಿ. 2020ರಾಗ ಎನ್‌ಪಿಎಂ (ಜಾವಾಸ್ಕ್ರಿಪ್ಟ್ ಪ್ಯಾಕೇಜ್ ಹಾಕೂ ಟೂಲ್) 7 ಬಂದಾಗಿಂದ ಒಂದ ರೆಪೋದಾಗ ಹಲವು ಪ್ಯಾಕೇಜ್ ಇಡೂ ವರ್ಕ್‌ಸ್ಪೇಸ್ ಐತಿ. ಒಂದ ರೆಪೋ: ಕ್ಲೈಂಟ್, ಸರ್ವರ್, ನಡುವ ಶೇರ್ಡ್. ಮೊಬೈಲ್ ತಪಾಸಣೆ ಶೇರ್ಡ್‌ನಾಗ ಒಂದ ಸಲ ಬರದ್ರ ಸಾಕು. ಆದ್ರ ನಾ ಶಾಣ್ಯಾತನ ಮಾಡಿ ಕಾನ್ಫಿಗ್ (ಸೆಟ್ಟಿಂಗಿನ) ಫೈಲೂ ಅಲ್ಲೇ ಇಟ್ಟೆ, ಡೇಟಾಬೇಸ್ ಪಾಸ್‌ವರ್ಡ್ ಸಮೇತ. ಜೋಡಿ ಹುಡುಗ ಅದನ್ನ ರಿಯಾಕ್ಟ್ ಕಡೆ ಇಂಪೋರ್ಟ್ ಮಾಡಿದ. ಬ್ರೌಸರ್‌ನಾಗ ಎಫ್ 12 ಒತ್ತಿ ಒಳಗಿನ ಕೋಡ್ ಹುಡುಕಿದ್ರ ಪಾಸ್‌ವರ್ಡ್ ಪೂರಾ ಕಾಣಾಕತ್ತಿತ್ತು! ಎದಿ ಝಲ್ ಅಂತು. ಗುಟ್ಟಿಂದೆಲ್ಲ ಈಗ ಸರ್ವರ್ ಒಳಗ.

ಸಪ್ತಾಪುರ: ಎರಡು ರೆಪೋ ಇದ್ದಿದ್ರ ಆ ಹುಡುಗಗ ಅದು ಸಿಗ್ತನ ಇರ್ಲಿಲ್ಲ.

ಹಾವೇರಿ: ಅರವತ್ತು ಫಾರ್ಮ್ ತುಂಬಿದವ್ರು ಹೇಳಾಕತ್ತಾರ, ಕೇಳ್ರಿ.

ಗೋಕುಲ ರಸ್ತೆ: ಗದಗಿನವ್ರ, ಹೆಸರಿನ ಸ್ಪೆಲ್ಲಿಂಗ್ ಮೊದಲ ನಿಕ್ಕಿ ಮಾಡ್ರಿ. ನನ್ನ ಕಡೆ ತೂಕಕ್ಕ ಎರಡು ಫೋಲ್ಡರ್ ಆಗಿದ್ದವು. ಒಂದು ಟಿ-ಯು-ಕೆ-ಎ, ಇನ್ನೊಂದು ನಡುವ ಎರಡು ಓ.

ಸಪ್ತಾಪುರ: ‘ವೇಯ್ಟ್’ ಅಂತ ಇಂಗ್ಲಿಷಿನಾಗ ಇಡ್ಲಿಕ್ಕೆ ಏನಾಗಿತ್ರಿ?

ಗೋಕುಲ ರಸ್ತೆ: ಸಾಹುಕಾರ್ರು ಫೋನ್ ಮಾಡಿ ‘ತೂಕ ಕೆಟ್ಟೈತಿ’ ಅಂತಾರ, ‘ವೇಯ್ಟ್’ ಅನ್ನಂಗಿಲ್ಲ.

ಹಾವೇರಿ: ಎರಡು ಓ ಹಾಕೂದ ಬರೋಬರಿ.

ಸಪ್ತಾಪುರ: ಅಲ್ಲ.