ಬ್ಯಾನರಿಗೆ ಪದ ಬೇಕು: ಸ್ವಯಂ ನಿರ್ಣಯವೋ ಸ್ವಾಯತ್ತತೆಯೋ?

ಉಡುಪಿಯಿಂದ: ಆಗಸ್ಟ್ 9ರ ಆದಿವಾಸಿ ದಿನಕ್ಕೆ ಇಲ್ಲಿ ಸಭೆ ಇದೆ. ಬರುವವರಲ್ಲಿ ಇಲ್ಲಿನ ಆದಿವಾಸಿ ಸಮುದಾಯವಾದ ಕೊರಗರ ಯುವಕರೇ ಜಾಸ್ತಿ. ಆದಿವಾಸಿಗಳ ಹಕ್ಕುಗಳ ಬಗ್ಗೆ ವಿಶ್ವಸಂಸ್ಥೆಯ 2007ರ ಘೋಷಣೆಯ 3ನೇ ಕಲಂ ಬ್ಯಾನರಿನಲ್ಲಿ ಬರಬೇಕು. ತಮ್ಮ ರಾಜಕೀಯ ಸ್ಥಾನಮಾನವನ್ನು ತಾವೇ ತೀರ್ಮಾನಿಸುವ ಹಕ್ಕು ಅಂತ ಅದರ ಸಾರ. ಇದಕ್ಕೆ 'ಸ್ವಾಯತ್ತತೆ' ಸಾಕಾ? ಫ್ಲೆಕ್ಸ್‌ನವರು ಸಂಜೆಯೊಳಗೆ ಕೇಳುತ್ತಿದ್ದಾರೆ.

ಸುರತ್ಕಲ್‌ನಿಂದ: ಎರಡೂ ಬೇಡ. 'ತನ್ನಾಳ್ವಿಕೆಯ ಹಕ್ಕು' ಅನ್ನಿ. ಅಚ್ಚಗನ್ನಡ. ಆದಿವಾಸಿಯೂ ಬೇಡ, 'ಮೊದಲಿಗರು' ಸಾಕು.

ಮಂಗಳೂರಿನಿಂದ: ಆಗಲ್ಲ. ತನ್ನಾಳ್ವಿಕೆ, ಸ್ವಾಯತ್ತತೆ ಎರಡೂ 4ನೇ ಕಲಮಿನವು. ಅಲ್ಲಿರುವುದು ಸ್ಥಳೀಯ, ಒಳಗಿನ ವ್ಯವಹಾರದ ಮಾತು. 3 ಅದಕ್ಕಿಂತ ದೊಡ್ಡದು. ಅದಕ್ಕೇ 46ರಲ್ಲಿ ದೇಶ ಒಡೆಯುವಂತಿಲ್ಲ ಅಂತ ಬೇಲಿ ಹಾಕಿದ್ದು. ಭಾರತ ಘೋಷಣೆಯ ಪರವಾಗಿಯೇ ಮತ ಹಾಕಿತು. ಆದರೆ ಸ್ವಯಂ ನಿರ್ಣಯ ಪರರ ಆಳ್ವಿಕೆಯಲ್ಲಿರುವವರಿಗೆ ಮಾತ್ರ ಅಂತ ಜೊತೆಗೇ ಹೇಳಿತು. 1979ರಲ್ಲಿ ಮಾನವ ಹಕ್ಕುಗಳ ಎರಡು ಒಡಂಬಡಿಕೆಗಳಿಗೆ ಸೇರುವಾಗಲೂ ಇದೇ ರಾಗ. ನೀವು ಪದವನ್ನು ಮೆದು ಮಾಡಿದರೆ ಸರ್ಕಾರದ ವಾದವನ್ನೇ ಬ್ಯಾನರಿಗೆ ಏರಿಸಿದಂತೆ. 'ಸ್ವಯಂ ನಿರ್ಣಯ' ಹಾಕಿ.

ಇನ್ನೊಂದು. 'ಆದಿವಾಸಿ ಜನರು' ಅಂತ ಬರೆಯಬೇಡಿ, ಒಬ್ಬೊಬ್ಬರ ಹಕ್ಕು ಅನಿಸುತ್ತದೆ. ಇದು ಇಡೀ ಗುಂಪಿನ ಹಕ್ಕು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1957ರ ಒಪ್ಪಂದದಲ್ಲಿ ಇವರು ಬರೀ 'ಜನಸಂಖ್ಯೆ'. 1989ರದ್ದರಲ್ಲಿ 'ಜನಾಂಗಗಳು' ಆದರು. ಆಗಲೂ ಈ ಪದದಿಂದ ಅಂತರರಾಷ್ಟ್ರೀಯ ಕಾನೂನಿನ ಹಕ್ಕೇನೂ ಹುಟ್ಟುವುದಿಲ್ಲ ಅಂತ ಒಂದು ಸಾಲು ಸೇರಿಸಿದರು! ಭಾರತ ಮೊದಲನೆಯದನ್ನು ಒಪ್ಪಿದೆ, ಎರಡನೆಯದನ್ನು ಇಲ್ಲ.

ಅಂದ ಹಾಗೆ, ಸುರತ್ಕಲ್‌ನವರೇ, ನಿಮ್ಮ 'ಹಕ್ಕು' ಅರಬ್ಬಿಯದು.

ಸುರತ್ಕಲ್‌ನಿಂದ: ಅದು ಬೆರೆತು ನಮ್ಮದಾಗಿದೆ. ಸಂಸ್ಕೃತದ್ದು ಮೇಲಿನಿಂದ ಹೇರಿದ್ದು.

ಕುಂದಾಪುರದಿಂದ: ಪಂಚಾಯತಿಯಲ್ಲಿ ಪ್ರತಿ ಸಭೆಗೂ 'ನಿರ್ಣಯ' ಬರೆಯುತ್ತಾರೆ ಮಾರಾಯ್ರೇ. ಇನ್ನೆಷ್ಟು ಬೆರೆಯಬೇಕು?

ಕಾರ್ಕಳದಿಂದ: ಕೊರಗರಿಗೆ ಅವರದೇ ಭಾಷೆ ಇದೆ. ಇದಕ್ಕೆ ಏನಂತೀರಿ ಅಂತ ಅವರನ್ನೇ ಕೇಳಿದಿರಾ? ಕೊರಗರನ್ನು ಕೀಳಾಗಿ ಕಂಡು ಅವಮಾನಿಸುವ ಅಜಲು ಪದ್ಧತಿ ನಿಷೇಧಿಸುವ ಕಾನೂನು 2000ದಲ್ಲಿ ಬಂತಲ್ಲ, ಅದರ ಹೆಸರಲ್ಲಿ ಅಜಲು ಅಜಲಾಗಿಯೇ ಉಳಿಯಿತು. ಅವಮಾನದ ಪದ ಇಲ್ಲಿಯದೇ ಆಗಬಹುದು, ಹಕ್ಕಿನ ಪದಕ್ಕೆ ಮಾತ್ರ ನಿಘಂಟು ಬೇಕು, ಅಲ್ವಾ?

ಸುರತ್ಕಲ್‌ನಿಂದ: ಅದು ಬೇರೆ ವಿಷಯ.

ಕಾರ್ಕಳದಿಂದ: ಅದೇ ವಿಷಯ.

ಉಡುಪಿಯಿಂದ: 'ಆದಿವಾಸಿ ಜನಾಂಗಗಳಿಗೆ ಸ್ವಯಂ ನಿರ್ಣಯದ ಹಕ್ಕಿದೆ' ಅಂತ ಕಳಿಸಿದೆ. ಕೆಳಗೆ ಒಂದು ಸಾಲು ಖಾಲಿ ಬಿಡಿಸಿದ್ದೇನೆ. ಕೊರಗ ಭಾಷೆಯ ಮಾತನ್ನು ಹುಡುಗರೇ ಬರೆದು ಕೊಡುತ್ತಾರಂತೆ. ನೀವು ಜಗಳ ಮುಂದುವರಿಸಿ.