ಕಲ್ಲು ಹೊದಿಸಿದ ಕೆರೆ ಏರಿಯಿಂದ ಗಾಳ: ನಿಮ್ಮ ಅನುಭವ ಹೇಳಿ

ಪ್ರಶ್ನೆ, ತುಮಕೂರಿನಿಂದ

ನಮ್ಮೂರು ಮರವಂತೆ ಕಡೆ. ಸಮುದ್ರದ ದಂಡೆಯಲ್ಲಿ ನಿಂತು ಗಾಳ ಹಾಕಿ ಅಭ್ಯಾಸ. ಈಗ ಕೆಲಸದ ಮೇಲೆ ತುಮಕೂರಿಗೆ ಬಂದಿದ್ದೇನೆ. ಇಲ್ಲಿ ಏರಿಯ ಒಳಮೈಗೆ ಕಲ್ಲು ಹೊದಿಸಿದ್ದಾರೆ. ಉದ್ದ ರಾಡ್, ಭಾರದ ಸೀಸ ಕಟ್ಟಿ ದೂರ ಎಸೆಯುತ್ತೇನೆ. ವಾಪಸ್ ಎಳೆಯುವಾಗ ಕಲ್ಲಿನ ಸಂದಿಗೆ ಸಿಕ್ಕಿ ದಾರ ಕಿತ್ತುಹೋಗುತ್ತದೆ. ಮೀನೂ ಸಿಗುತ್ತಿಲ್ಲ. ಇಲ್ಲಿಯವರು ಹೇಗೆ ಮಾಡುತ್ತೀರಿ?

ಗುಬ್ಬಿ ಕಡೆಯಿಂದ

ಸರ್, ಮೊದಲು ಆ ದೂರ ಎಸೆಯುವುದನ್ನು ಬಿಡಿ. ಸಮುದ್ರದಲ್ಲಿ ದಂಡೆಯಿಂದ ದೂರ ಹೋದಷ್ಟೂ ಆಳ. ನಮ್ಮ ಕೆರೆ ಹಾಗಲ್ಲ. ನೀರು ಹರಿದು ಬರುವ ಕಡೆ ತೆಳು, ಏರಿಯ ಕಡೆ ಆಳ. ಜಾಸ್ತಿ ನೀರು ನಿಮ್ಮ ಕಾಲ ಬುಡದಲ್ಲೇ ಇದೆ. ಬೇಸಿಗೆಯಲ್ಲಿ ನೀರು ಇಳಿದಾಗಂತೂ ಮೀನೆಲ್ಲ ಈ ಕಡೆಗೇ ಸರಿಯುತ್ತದೆ. ಕಲ್ಲು ಮುಗಿದು ಕೆಸರು ಶುರುವಾಗುವ ಜಾಗ ಹುಡುಕಿ. ಸಾಮಾನ್ಯ ಗೆಂಡೆ, ಮೃಗಾಲ್ ಅಲ್ಲೇ ತಳ ಕೆದಕುತ್ತಾ ತಿನ್ನುತ್ತವೆ. ರೋಹು ನಡುನೀರಿನ ಮೀನು, ಕಾಟ್ಲಾ ಮೇಲ್ಪದರದ್ದು. ಯಾವುದು ಬೇಕೋ ಅದಕ್ಕೆ ತಕ್ಕಂತೆ ದಾರಕ್ಕೆ ಕಟ್ಟುವ ತೇಲು ಬೆಂಡನ್ನು ಮೇಲೆ ಕೆಳಗೆ ಸರಿಸಿಕೊಳ್ಳಿ. ಬೆಂಡು ಕಟ್ಟಿದರೆ ಗಾಳ ಕಲ್ಲಿಗೆ ತಾಗುವುದೇ ಕಡಿಮೆ.

ತಳಕ್ಕೇ ಬಿಡಬೇಕು ಅಂದರೆ ಭಾರವನ್ನು ಮುಖ್ಯ ದಾರಕ್ಕೆ ಕಟ್ಟಬೇಡಿ. ಅದಕ್ಕಿಂತ ತೆಳುವಾದ ಒಂದು ತುಂಡು ದಾರದಲ್ಲಿ ನೇತುಹಾಕಿ. ಸಿಕ್ಕಿಕೊಂಡರೆ ಆ ತುಂಡು ಕಿತ್ತು ಭಾರ ಮಾತ್ರ ಹೋಗುತ್ತದೆ, ಗಾಳ ಉಳಿಯುತ್ತದೆ. ಸೀಸದ ಬದಲು ಹಳೆ ನಟ್ಟು ಸಾಕು. ಸೀಸ ನೀರುಹಕ್ಕಿಗಳ ಹೊಟ್ಟೆಗೆ ಹೋದರೆ ವಿಷ. ವಾಪಸ್ ತೆಗೆಯುವಾಗ ರಾಡ್ ತುದಿ ಎತ್ತಿ ಬೇಗ ಬೇಗ ಸುತ್ತಿ, ಆಗ ಭಾರ ಕಲ್ಲಿನ ಮೇಲಾಗಿ ಬರುತ್ತದೆ. ಮೀನು ಬಿದ್ದಮೇಲೆ ಕಲ್ಲಿನ ಮೇಲೆ ಎಳೆಯಬೇಡಿ. ಚೂಪು ಅಂಚಿಗೆ ಉಜ್ಜಿ ದಾರ ಹರಿಯುವುದು ಅಲ್ಲೇ. ಕೈಬಲೆ ಇಟ್ಟುಕೊಳ್ಳಿ. ಆಗಾಗ ಕೊನೆಯ ಮೊಳದಷ್ಟು ದಾರವನ್ನು ಉಗುರಿನ ನಡುವೆ ಎಳೆದು ನೋಡಿ, ತರಿತರಿ ಅನಿಸಿದರೆ ಕತ್ತರಿಸಿ ಮತ್ತೆ ಕಟ್ಟಿ.

ಇನ್ನೊಂದು ಮಾತು. ಇಲ್ಲಿ ಕೆರೆಗಳ ಮೀನನ್ನು ಗುತ್ತಿಗೆಗೆ ಕೊಟ್ಟಿರುತ್ತಾರೆ. ಮರಿ ಬಿಟ್ಟು ಸಾಕಿದವರ ಅನ್ನ ಅದು. ಪಂಚಾಯಿತಿಯಲ್ಲೋ ಮೀನುಗಾರರ ಸಂಘದಲ್ಲೋ ಕೇಳಿಯೇ ಕೂರಿ. ಬುಗುಡನಹಳ್ಳಿ ಕೆರೆಯಿಂದ ತುಮಕೂರು ನಗರಕ್ಕೆ ಕುಡಿಯುವ ನೀರು ಹೋಗುತ್ತದೆ, ಅಲ್ಲಿ ಬೇಡವೇ ಬೇಡ.

ಕೋಲಾರದಿಂದ

ನಮ್ಮ ಕಡೆ 2018ರಿಂದ ಕೆ.ಸಿ. ವ್ಯಾಲಿ ನೀರು ಬರುತ್ತಿದೆ. ಬೆಂಗಳೂರಿನ ಸಂಸ್ಕರಿಸಿದ ನೀರು ಅದು. ನೀರು ಹಸಿರಾಗಿರುವ ಕೆರೆಗೆ ನಸುಕಲ್ಲಿ ಹೋಗಬೇಡಿ. ರಾತ್ರಿಯೆಲ್ಲ ಪಾಚಿಯೂ ಉಸಿರಾಡಿ ನೀರಿನ ಆಮ್ಲಜನಕ ಇಳಿದಿರುತ್ತದೆ. ಮೀನು ಮೇಲೆ ಬಂದು ಬಾಯಿ ತೆರೆಯುತ್ತಿದ್ದರೆ ಅದು ಹಸಿವಲ್ಲ, ಉಸಿರಿಗೆ ಒದ್ದಾಟ. ಬಿಸಿಲು ಏರಿದಮೇಲೆ ತಿನ್ನಲು ಶುರುಮಾಡುತ್ತವೆ.

ತೂಬಿನ ಹತ್ತಿರ ಇಳಿಯಬೇಡಿ. ತೆರೆದಿದ್ದರೆ ಸೆಳೆತ ಜೋರು. ಪಾಚಿ ಕಟ್ಟಿದ ಕಲ್ಲಿನ ಮೇಲೆ ಕಾಲು ಜಾರಿದರೆ ಹಿಡಿಯಲು ಏನೂ ಸಿಗುವುದಿಲ್ಲ. ಒಬ್ಬರೇ ಹೋಗಬೇಡಿ. ಸಂಜೆ ಹೊತ್ತು ಟಾರ್ಚ್ ಬೆಳಕು ಬಿಟ್ಟು ನೋಡದೆ ಕಲ್ಲಿನ ಸಂದಿಗೆ ಕೈ ಹಾಕಬೇಡಿ. ಅಲ್ಲಿರುವುದೆಲ್ಲ ಬರೀ ನೀರುಹಾವಲ್ಲ, ಮಂಡಲದ ಹಾವೂ ಇರಬಹುದು.

ಶಿರಾದಿಂದ

ಕಿತ್ತ ದಾರವನ್ನು ದಂಡೆಯಲ್ಲಿ ಬಿಸಾಡಬೇಡಿ, ದಯವಿಟ್ಟು. ನಮ್ಮ ತಾಲ್ಲೂಕಿನ ಕಗ್ಗಲಡು ಊರಿನ ಹುಣಸೆ ಮರಗಳಲ್ಲಿ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ. ಮೇವಿಗೆ ಸುತ್ತಲ ಕೆರೆಗಳಿಗೇ ಬರುವುದು. ನೈಲಾನ್ ದಾರ ಕಾಲಿಗೆ ಸುತ್ತಿಕೊಂಡರೆ ಹಕ್ಕಿ ಬಿಡಿಸಿಕೊಳ್ಳಲಾರದು.

ಮಳೆಗಾಲದಲ್ಲಿ ಕೆಂಪು ಬಣ್ಣದ ಸಣ್ಣ ಮರಿಗಳು ಗುಂಪಾಗಿ ಮೇಲೆ ಆಡುತ್ತಿದ್ದರೆ ಅವು ಕೊರವ ಮೀನಿನ ಮರಿ. ತಾಯಿ ತಂದೆ ಕೆಳಗೇ ಕಾಯುತ್ತಿರುತ್ತವೆ. ಆ ಜಾಗಕ್ಕೆ ಗಾಳ ಬಿಡಬೇಡಿ. ದೊಡ್ಡದನ್ನು ಹಿಡಿದರೆ ಮರಿಗಳೆಲ್ಲ ಬೇರೆ ಮೀನುಗಳ ಪಾಲು.

ಪ್ರಶ್ನೆ ಕೇಳಿದವರು

ತುಂಬಾ ಉಪಕಾರವಾಯಿತು. ಇನ್ನೊಂದು ಕೇಳಲಾ? ಅಲ್ಲಿ ನಾವು ಸೀಗಡಿ ಚುಚ್ಚುತ್ತಿದ್ದೆವು. ಇಲ್ಲಿ ಎಲ್ಲರೂ ರಾಗಿ ಹಿಟ್ಟು ಅನ್ನುತ್ತಾರೆ. ನೀರಲ್ಲಿ ಕರಗಿ ಹೋಗಲ್ವಾ?

ಗುಬ್ಬಿ ಕಡೆಯಿಂದ

ಹಸಿ ಹಿಟ್ಟಾದರೆ ಕರಗುತ್ತದೆ. ಗಟ್ಟಿ ಮುದ್ದೆ ಬೇಯಿಸಿ. ಬಿಸಿ ಇರುವಾಗಲೇ ಕಡಲೆಕಾಯಿ ಹಿಂಡಿ ಪುಡಿ, ಸ್ವಲ್ಪ ಮೈದಾ ಸೇರಿಸಿ ಕೈಗೆ ಅಂಟದ ಹಾಗೆ ನಾದಿ. ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟರೆ ಬಿರಿಯುವುದಿಲ್ಲ. ಜಿಲೇಬಿ ಮೀನಿಗೆ ಕಡಲೆಕಾಳಿನಷ್ಟು ಸಾಕು, ಇಲ್ಲವೇ ಎರೆಹುಳು ಹಾಕಿ. ಗೆಂಡೆಗೆ ಸ್ವಲ್ಪ ದೊಡ್ಡ ಉಂಡೆ. ಕೂರುವ ಮೊದಲು ಅದೇ ಹಿಂಡಿಯನ್ನು ಒಂದು ಹಿಡಿ ಗಾಳ ಬಿಡುವ ಜಾಗದಲ್ಲೇ ಎರಚಿ, ಸದ್ದು ಮಾಡದೆ ಸ್ವಲ್ಪ ಹೊತ್ತು ಬಿಡಿ.